ಗಾಜಿನ ಹೆಂಚು

ಅಲ್ಲ ಅಲ್ಲ, ಬೆರಳು ಅಲ್ಲಿಂದ ತೆಗೀರಿ ಟೀಚರ್... ಹಾಂ, ಹಾಗೆ. ಟ್ರಿಗರ್ ಹತ್ರ ಬೆರಳಿಗೆ ಈಗ ಎಂತ ಕೆಲಸ? ಕೋವಿಯ ನಳಿಗೆ ಮೇಲ್ಮುಖ ಇರ್ಲಿ. ಇನ್ನೂ ಸ್ವಲ್ಪ ಮೇಲೆ. ಭಾರ ಉಂಟಲ್ಲ? ನಿಮ್ಮ ಅಜ್ಜ ಮರದ ವ್ಯಾಪಾರಕ್ಕೆ ಘಟ್ಟ ಹತ್ತುವಾಗ ಹೆಗಲಿಗೆ ಹಾಕಿಕೊಂಡು ಹೋಗ್ತಿದ್ದದ್ದು ಇದನ್ನೇ. ಒಂದು ಸಲಕ್ಕೆ ಒಂದೇ ತೋಟೆ. ಗುರಿ ತಪ್ಪಿದ್ರೆ ಇನ್ನೊಂದು ಹಾಕುವವರೆಗೆ ಹುಲಿ ಕಾಯಬೇಕು.

ಯಾಕೆ ನಗ್ತೀರಿ? ಹತ್ತು ನಿಮಿಷದಲ್ಲಿ ತೆಗೆದುಕೊಂಡು ಹೋಗುವ ಅಂತ ಆಟೋವನ್ನು ಹೊರಗೆ ನಿಲ್ಲಿಸಿ ಬಂದಿದ್ದೀರಿ, ಗೊತ್ತುಂಟು ನನಗೆ. ಅವನನ್ನು ಕಳಿಸಿಬಿಡಿ. ಕೋವಿ ಖಾಲಿ ಉಂಟಾ ಇಲ್ವಾ ಅಂತ ನೋಡ್ಲಿಕ್ಕೆ ನೀವು ಕಲಿಯದೆ ಇದು ನಮ್ಮ ಕುಲಶೇಖರದ ಗಡಿ ದಾಟುವುದಿಲ್ಲ. ಪುನಃ ನಿಮ್ಮ ಮನೆ ಹಾಲ್‌ನಲ್ಲಿ, ಅದೇ ಮೊಳೆಗೆ ತೂಗು ಹಾಕ್ತೇನೆ ಅಂದವರು ನೀವೇ ಅಲ್ವಾ? ಕೆಳಗೆ ನಿಮ್ಮ ಮೊಮ್ಮಗಳು ಹನಾನ್ ಆಡ್ತಾಳೆ. ಹಾಗಾಗಿ ಇವತ್ತು ದುಗ್ಗಪ್ಪ ಮಾಸ್ಟ್ರು, ಮುಮ್ತಾಝ್ ಟೀಚರ್ ಸ್ಟೂಡೆಂಟ್.

ಮೊದಲನೇ ಪಾಠ. ಈ ಹಿಂದಿನ ಮುಚ್ಚಳ ಉಂಟಲ್ಲ, ಅದನ್ನು ಬದಿಗೆ ಮಗುಚಿ. ಗಟ್ಟಿ ಇಲ್ಲ, ಹೆಬ್ಬೆರಳಲ್ಲಿ ಸಾಕು. ನೋಡಿ, ಬೆಣ್ಣೆ ಹಾಗೆ ಹೋಗ್ತದೆ. ಮೂರು ತಿಂಗಳು ತುಕ್ಕು ಕೆರೆದದ್ದು ಸುಮ್ಮನೆಯಾ. ಇದು ತೋಟೆ ಕೂರುವ ಗೂಡು. ಒಳಗೆ ಕಣ್ಣು ಹಾಯಿಸಿ. ಕಣ್ಣನ್ನು ನಂಬಬೇಡಿ, ಕಿರುಬೆರಳು ಹಾಕಿ ಮುಟ್ಟಿ. ಬೆರಳನ್ನೂ ನಂಬಬೇಡಿ, ಮುಂದಿನಿಂದ ಈ ಹಿತ್ತಾಳೆ ಕೋಲು ತೂರಿಸಿ, ಹಿಂದೆ ಬರಬೇಕು. ಬಂತಾ? ಆಮೇಲೆ ಬೆಳಕಿಗೆ ಹಿಡಿದು ನಳಿಗೆಯ ಒಳಗೆ...

ಅಲ್ಲಿ ಎಂತ ನೋಡ್ತೀರಿ? ಮೇಲೆ ಹೆಂಚಿನ ಮಾಡಾ? ಓ, ಆ ಗಾಜಿನ ಹೆಂಚಾ. ಅದು ಹೊಸತು. ಹೇಳಿದೆನಲ್ಲ, ನಳಿಗೆಯ ಒಳಗೆ ನೋಡ್ಲಿಕ್ಕೆ ಬೆಳಕು ಬೇಕು. ಅದಕ್ಕೇ ಹಾಕಿಸಿದ್ದು.

ಹೌದು, ಕಿಟಕಿ ಉಂಟು. ದೊಡ್ಡದೇ ಉಂಟು. ಆದ್ರೆ ಮೇಲಿಂದ ಬರುವ ಬೆಳಕೇ ಬೇರೆ ಟೀಚರ್, ನಿಮಗೆ ಗೊತ್ತಾಗುವುದಿಲ್ಲ. ಈಗ ಪಾಠ ಕೇಳಿ. ನಲ್ವತ್ತು ವರ್ಷದಿಂದ ಈ ಮೇಜಿಗೆ ಎಷ್ಟು ಕೋವಿ ಬಂದಿಲ್ಲ! 'ಖಾಲಿ ಉಂಟು ದುಗ್ಗಪ್ಪಣ್ಣ' ಅಂತಲೇ ಎಲ್ಲರೂ ಕೊಡುವುದು. ಯಾರ ಮಾತೂ ನಾನು ನಂಬಿದವನಲ್ಲ. ಒಮ್ಮೆ ಒಬ್ರು ಇನ್‌ಸ್ಪೆಕ್ಟರ್ ತಂದ್ರು, ಖಾಲಿ ಅಂದ್ರು. ಅವರ ಎದುರಿಗೇ ತೆರೆದು, ಮುಟ್ಟಿ, ಕೋಲು ಹಾಕಿ ನೋಡಿದೆ. ಅವರಿಗೆ ಸಿಟ್ಟು ಬಂತು. ಬರ್ಲಿ. ಸಿಟ್ಟು ಬಂದವರು ಚಾ ಕುಡಿದು ಸಮಾಧಾನ ಆಗ್ತಾರೆ, ಗುಂಡು ತಾಗಿದವರು ಆಗ್ತಾರಾ?

ಪುನಃ ಮೇಲೆ ನೋಡ್ತೀರಲ್ಲ ಮಾರಾಯ್ರೆ! ಆಯ್ತು, ಮಂಗ. ಮಂಗ ಬಂದು ಹೆಂಚು ಒಡೆಯಿತು. ಹೇಗೂ ಒಂದು ಹೊಸತು ಹಾಕಬೇಕಲ್ಲ, ಗಾಜಿನದ್ದೇ ಇರ್ಲಿ ಅಂತ... ಎಂತ? ಈ ಪೇಟೆಯಲ್ಲಿ ಮಂಗ ಇಲ್ವಾ? ನೀವು ಇರುವುದು ಸುರತ್ಕಲ್‌ನಲ್ಲಿ, ಕುಲಶೇಖರದ ಮಂಗ ನಿಮಗೆ ಹೇಗೆ ಗೊತ್ತು? ಅಥವಾ ತೆಂಗಿನಕಾಯಿ ಬಿದ್ದದ್ದೂ ಇರಬಹುದು. ನಾನು ಮನೆಯಲ್ಲಿ ಇರ್ಲಿಲ್ಲ ಅವತ್ತು.

ಕಿಟಕಿಯಿಂದ ಎಂತ ಹುಡುಕ್ತೀರಿ? ತೆಂಗಿನ ಮರವಾ? ಅದು... ಕಡಿದಾಯ್ತು.

ಬಿಡಿ ಅದನ್ನು. ಎರಡನೇ ಪಾಠ, ಇದು ಮುಖ್ಯ. ಕೆಲವು ಹಳೆ ಕೋವಿಯ ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿರ್ತದೆ, ತೆರೆಯುವುದೇ ಇಲ್ಲ. ಆಗ ಖಾಲಿ ಉಂಟಾ ಅಂತ ನೋಡುವುದು ಹೇಗೆ? ಕೋಲನ್ನು ನಳಿಗೆಯ ಬಾಯಿಯಿಂದ ಒಳಗೆ ಬಿಡಿ. ಅದು ನಿಂತಾಗ ಬಾಯಿಯ ಹತ್ರ ಕೋಲಿಗೆ ಒಂದು ನೂಲು ಕಟ್ಟಿ. ಹೊರಗೆ ತೆಗೆದು ನಳಿಗೆಯ ಮೈಗೆ ಅಳೆಯಿರಿ. ಕೊನೆಯವರೆಗೆ ಬಂದ್ರೆ ಖಾಲಿ. ಬೆರಳುದ್ದ ಕಡಿಮೆ ಬಂತಾ, ಒಳಗೆ ಯಾರೋ ಕೂತಿದ್ದಾರೆ ಅಂತ ಲೆಕ್ಕ. ನೂಲಿನ ಖರ್ಚು ಮಾತ್ರ, ಜೀವ ಉಳೀತದೆ.

ಹೌದು... ಇದರದ್ದೂ ಕಚ್ಚಿಕೊಂಡಿತ್ತು. ತರುವಾಗ ತೆರೀತಿರ್ಲಿಲ್ಲ, ನಿಮಗೆ ನೆನಪುಂಟಲ್ಲ. ಕೋಲು ಹಾಕಿದೆನಾ? ಹಾಕದೆ ಇರ್ತೇನಾ? ನೂಲೂ ಕಟ್ಟಿದೆ. ಕೆಂಪು ನೂಲು. ಹೆಂಡತಿ ವಾರಿಜಾಕ್ಷಿಯ ಹೊಲಿಗೆ ಡಬ್ಬದಿಂದ ತೆಗೆದು... ಬೇಕಾದ್ರೆ ಅವಳನ್ನೇ... ಬೇಡ, ಅವಳನ್ನು ಕೇಳಬೇಡಿ.

ಟೀಚರ್.

ಹೀಗೆ ನೋಡಬೇಡಿ, ದಮ್ಮಯ್ಯ. ನಮ್ಮ ಮಗ ದೀಕ್ಷಿತ್ ನಿಮ್ಮ ಕ್ಲಾಸಲ್ಲಿರುವಾಗ ಹೇಳ್ತಿದ್ದ. ಮುಮ್ತಾಝ್ ಟೀಚರ್ ಹೊಡೆಯುವುದಿಲ್ಲ, ಬೈಯುವುದೂ ಇಲ್ಲ, ಬೆಂಚಿನ ಹತ್ರ ಬಂದು ಸುಮ್ಮನೆ ನಿಲ್ತಾರೆ, ಆಗ ನಾವು ಮಾಡದ ತಪ್ಪನ್ನೂ ಒಪ್ಪಿಕೊಳ್ತೇವೆ ಅಂತ. ನಾನು ಆಗ ನಗಾಡಿದ್ದೆ.

ಆಯ್ತು. ಕೋಲು ಹಾಕ್ಲಿಲ್ಲ. ಅವತ್ತು ನೀವು ಬೆಡ್‌ಶೀಟಿನಲ್ಲಿ ಸುತ್ತಿದ ಕೋವಿಯನ್ನು ಇಲ್ಲಿ ಮಲಗಿಸಿ, 'ಖಾಲಿ ಉಂಟು ದುಗ್ಗಪ್ಪಣ್ಣ, ತಂದೆಯವರೇ ಹೇಳಿದ್ದಾರೆ' ಅಂದ್ರಿ. ಪೆರ್ನಾಲ್ ಹಬ್ಬದ ದಿನ ಹನಾನ್ ಟ್ರಿಗರ್ ಎಳೆದು ಠುಸ್ ಅಂತ ಬಾಯಲ್ಲಿ ಶಬ್ದ ಮಾಡ್ತಾಳೆ, ನಾವೆಲ್ಲ ಎದುರು ನಿಂತು ಫೋಟೋ ತೆಗೀತೇವೆ ಅಂತ ಹೇಳಿ ನಗಾಡಿದ್ರಿ. ಇನ್‌ಸ್ಪೆಕ್ಟರನ್ನು ನಂಬದ ಮನುಷ್ಯ ನಾನು. ಆದ್ರೆ ಹೇಳಿದ್ದು ಟೀಚರ್ ಅಲ್ವಾ... ನಂಬಿಬಿಟ್ಟೆ. ಹ್ಯಾಮರಿನ ಸ್ಪ್ರಿಂಗ್ ತುಂಡಾಗಿತ್ತು, ಹೊಸತು ಹಾಕಿದೆ. ಹೇಗೆ ಬಡೀತದೆ ನೋಡುವ ಅಂತ ಒಮ್ಮೆ ಟ್ರಿಗರ್ ಎಳೆದೆ. ಅಷ್ಟೇ.

ಎರಡು ದಿನ ಕಿವಿಯೊಳಗೆ ಗುಂಯ್ ಅಂತಿತ್ತು. ನಳಿಗೆ ಮೇಲೆ ಮಾಡಿ ಹಿಡಿಯುವ ಅಭ್ಯಾಸ ಒಂದು ಉಳಿಸಿತು. ವಾರಿಜಾಕ್ಷಿ ಸೌಟು ಹಿಡ್ಕೊಂಡೇ ಓಡಿ ಬಂದ್ಲು. ಬದುಕಿದ್ದೀರಾ ಅಂತ ಕೇಳ್ಲಿಲ್ಲ, ಹೆಂಚು ಎಷ್ಟು ಹೋಯ್ತು ಅಂತ ಕೇಳಿದ್ಲು. ಪಕ್ಕದ ಮನೆಯ ಅಲೆಕ್ಸ್ ಬೇಲಿಯಿಂದ ಬೊಬ್ಬೆ ಹಾಕಿದ, ಕುಕ್ಕರ್ ಒಡೆಯಿತು ಅಂತ ಹೇಳಿದೆ. ಈಗಲೂ ಸಿಕ್ಕಿದಾಗೆಲ್ಲ ಯಾವ ಕಂಪೆನಿಯ ಕುಕ್ಕರ್ ಅಂತ ಕೇಳ್ತಾನೆ.

ನಗಿ ಟೀಚರ್. ಆಗಿಂದ ನಗ್ತಿದ್ರಿ, ನಿಜವಾಗಿ ನಗುವ ಜಾಗ ಬಂದಾಗ ಮೊಮ್ಮಗಳ ಹೆಸರು ಹೇಳ್ತೀರಲ್ಲ...

ಹೌದು. ನನಗೂ ಮೊದಲು ತಲೆಗೆ ಬಂದದ್ದು ಆ ಮಗುವೇ. ಹೆಂಚಿನ ಚೂರು ಇನ್ನೂ ಬೀಳ್ತಿತ್ತು, ನಾನು ನೆಲದ ಮೇಲೆ ಕೂತಿದ್ದೆ, ಆ ಫೋಟೋ ಮಾತ್ರ ಕಣ್ಣೆದುರು. ಅಷ್ಟು ವರ್ಷ ತೋಟೆ ಒಳಗೇ ಇತ್ತು ಟೀಚರ್. ನಿಮಗೂ ಅದಕ್ಕೂ ನಡುವೆ ಇದ್ದದ್ದು ತುಂಡಾದ ಸ್ಪ್ರಿಂಗ್ ಒಂದೇ. ನಿಮಗೆ ಹೆದರಿಕೆ ಆಗಬಾರದು ಅಂತ ಮುಚ್ಚಿಟ್ಟೆ ಅಂದ್ರೆ ಕೇಳ್ಲಿಕ್ಕೆ ಚಂದ. ಅದು ಅರ್ಧ ಸತ್ಯ. ದುಗ್ಗಪ್ಪ ನೋಡದೆ ಟ್ರಿಗರ್ ಎಳೆದ ಅಂತ ಊರಿಗೆ ಗೊತ್ತಾದ್ರೆ ನಾಚಿಕೆ, ಅದು ಇನ್ನರ್ಧ.

ತಗೊಳ್ಳಿ, ಇದು ಆ ತೋಟೆಯ ಚಿಪ್ಪು. ಬಿಸಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ. ಮನೆಯಲ್ಲಿ ಎಲ್ಲರಿಗೂ ತೋರಿಸಿ, ನನ್ನ ಹೆಸರು ಹೇಳಿಯೇ ತೋರಿಸಿ. ಕೋವಿಯನ್ನು ಮೊಳೆಗೆ ತೂಗಬೇಡಿ, ಕಪಾಟಿನಲ್ಲಿಟ್ಟು ಬೀಗ ಹಾಕಿ.

ಕಣ್ಣು ಒರೆಸಿಕೊಳ್ಳಿ ಮೊದಲು. ಅವಸರ ಇಲ್ಲ. ಹಾಂ... ನಳಿಗೆ ಮೇಲೆ. ಬೆರಳು ಹೊರಗೆ. ಮುಚ್ಚಳ ಮಗುಚಿ. ನೋಡಿ. ಕಿರುಬೆರಳು ಹಾಕಿ. ಕೋಲು... ಬಂತು. ಇನ್ನೊಮ್ಮೆಯಾ? ಸರಿ, ಮಾಡಿ. ಮೂರನೇ ಸಲವೂ ಮಾಡಿ, ಯಾರು ಬೇಡ ಅಂದ್ರು?

ಎಂತ ಉಂಟು ಒಳಗೆ? ಎಂತದ್ದೂ ಇಲ್ವಾ? ಖಾಲಿ?

ಕೊಡಿ ಇತ್ತ, ನಾನೂ ನೋಡ್ತೇನೆ. ನಿಮ್ಮ ಮಾತು ಒಮ್ಮೆ ನಂಬಿ ಆಗಿದೆ.