ಬೋಣಿ ಗಿರಾಕಿ

…ಬರಿಗೈಲಿ ಹೆಂಗ್ರಿ ಹೋಗ್ತೀರಾ ಯಜಮಾನ್ರೇ? ನಿಂದ್ರಿ! ನಿಂದ್ರಿ ಅಂದೆ! ನಂಗಿನ್ನೂ ಬೋಣಿ ಆಗಿಲ್ಲ. ಮೊದಲ್ನೇ ಗಿರಾಕಿ ಕಾಯಿ ಮುಟ್ಟಿ ಹಂಗೇ ಎದ್ದೋದ್ರೆ ದಿನವೆಲ್ಲ ಈಗಿನಂಗೆ ನೊಣ ಹೊಡೀತಾ ಕೂರ್ಬೇಕಾಗ್ತೈತೆ. ಅದಕ್ಕೇ ಕರೀತಿರೋದು. ಇಲ್ದಿದ್ರೆ ನಿಮ್ಮನ್ನ ಮಾತಾಡ್ಸೋ ದರ್ದು ನಂಗೇನೈತೆ?

ಹ್ಞಾಂ… ನಾನೇ. ಅಂಬಿಕಾನೇ. ಯಾಕೆ, ಹೊಳೆ ಕಡೆ ಮುಖ ತಿರುಗಿಸ್ತೀರಾ? ಹೊಳೆ ಎಲ್ಲೂ ಓಡೋಗಲ್ಲ ಬಿಡ್ರಿ. ಹೊನ್ನಾಳಿ ಸಂತೇಲಿ ಮಾಲತೇಶಣ್ಣ ಅಂದ್ರೆ ಯಾರಿಗೆ ಗೊತ್ತಿಲ್ಲ! ಬಿಟ್ಟಾಕಿದ ತಂಗಿ ಎದುರಿಗೆ ನಿಂತಿದ್ದು ಯಾರಾದ್ರೂ ನೋಡಿಬಿಟ್ರೆ ಅಂತನಾ? ಹೆದರಬೇಡ್ರಿ. ಒಂದೇ ತಾಯಿ ಹೊಟ್ಟೇಲಿ ಹುಟ್ಟಿದ್ದೆಲ್ಲ ಅತ್ಲಾಗಿರ್ಲಿ. ಇಲ್ಲಿ ನೀವು ಗಿರಾಕಿ, ನಾನು ಬದನೆಕಾಯಿ ಮಾರೋಳು. ಮುಗೀತು.

ಮುಟ್ಟಿ ನೋಡ್ರಿ. ಈಗಷ್ಟೇ ಹೊಳೇಲಿ ತೊಳ್ಕಂಡು ಬಂದೀನಿ, ನೀರಿನ್ನೂ ಸೋರ್ತೈತೆ. ನಮ್ಮ ಹೊಲದ್ದೇ. ಕೆಂಚೇಶ್ ಬೆಳೆದಿದ್ದು. ಹ್ಞೂಂ, ಗಂಡನ್ನ ಹೆಸರು ಹಿಡಿದೇ ಹೇಳ್ತೀನಿ! …ಯಾಕ್ರಿ, ಕೈ ಹಿಂದಕ್ಕೆ ತಗಂಡ್ರಿ? ಆ ಹೆಸರು ಕೇಳಿದ್ ತಕ್ಷಣ ಬದನೆಕಾಯಿ ಮೈಲಿಗೆ ಆಯ್ತಾ? ನಮ್ಮನೇಲಿ ಬುದ್ಧನ ಫೋಟೋಗೆ ಹೂವು ಹಾಕ್ತೀವಿ, ನಿಮ್ಮನೇಲಿ ನಿಮ್ಮ ದೇವ್ರಿಗೆ ಹಾಕ್ತೀರಿ. ಅದೂ ಕನಕಾಂಬರ, ಇದೂ ಕನಕಾಂಬರ! ಅಂಥ ಮನೆಗೆ ಹೋದ್ಳು, ಇನ್ನು ಅವಳು ನಮ್ಮ ಪಾಲಿಗೆ ಸತ್ತಂಗೆ ಅಂದ್ರಲ್ಲ… ಸತ್ತೀನಾ? ನೋಡ್ರಿ ಕಣ್ ಬಿಟ್ಟು! ಗುಂಡುಕಲ್ಲಿನಂಗೆ ಇದೀನಿ!

ಲೇ ಚೈತ್ರಾ, ಸ್ಕಾರ್ಫ್ ಬಿಚ್ಚಬೇಡ ಅಂದೀನಲ್ಲ! ಹೊಳೆ ಗಾಳಿ ಐತೆ, ಕಿವಿಗೆ ಶೀತ ಆಗ್ತೈತೆ. ಬಾಯಾರಿದ್ರೆ ಮನೆಯಿಂದ ತಂದಿರೋ ಬಾಟ್ಲಿ ಐತಲ್ಲ, ಕುಡಿ. …ನನ್ನ ಮಗಳು. ಮೂರನೇ ಕ್ಲಾಸು. ಇವನು ಸುದೀಪ. ಯಾಕೆ ನಗ್ತೀರಾ? ಇಲ್ಲ ಇಲ್ಲ, ನಕ್ರಿ ಈಗ, ಮೀಸೆ ಅಡೀಲಿ! ನಾನ್ ನೋಡ್ದೆ! ಸೆರಗಿಗೆ ಕಟ್ಟಿಹಾಕೀನಿ ಅಂತನಾ? ಇನ್ನೇನ್ ಮಾಡ್ಲಿ, ಕಣ್ಣು ಮಿಟುಕಿಸೋದ್ರಲ್ಲಿ ನೀರಿಗೆ ಓಡ್ತಾನೆ. ನೀವೂ ನನ್ನ ಹಿಂಗೇ ಅಲ್ವಾ ಕಟ್ಕಂತಿದ್ದಿದ್ದು, ನಿಮ್ಮ ಟವೆಲ್ ತುದಿಗೆ… ಅವ್ವ ಇಲ್ಲಿ ಸೊಪ್ಪು ಮಾರೋವಾಗ… ಬಿಡ್ರಿ. ಅವ್ವನೇ ಹೋದ್ಳು, ಇನ್ನದ್ಯಾಕೆ.

ಹಂಗ್ ನೋಡಬೇಡ್ರಿ. ಉಬ್ರಾಣಿಯೋಳಿಗೆ ಹತ್ರದ ಚನ್ನಗಿರಿ ಬಿಟ್ಟು ಇಷ್ಟು ದೂರ ಏನ್ ಕೆಲಸ ಅಂತ ತಾನೆ? ರೇಟು ರೀ, ರೇಟು! ಇಲ್ಲಿ ರೇಟು ಚೆನ್ನಾಗೈತೆ. ಮಕ್ಕಳು ಬೇರೆ ಹೊಳೆ ನೋಡ್ಬೇಕು ಅಂದ್ರು, ಕರ್ಕಂಡು ಬಂದೆ. ಎಳನೀರು ಕುಡಿಸ್ದೆ, ಸುಟ್ಟ ಮೆಕ್ಕೆಜೋಳ ತಿನ್ನಿಸ್ದೆ. ಅಷ್ಟೇ. ನೀವು ರಂಗಣ್ಣನ ಹತ್ರ ಎಲೆ-ಅಡಿಕೆ ತಗಂಡು, ಸುಣ್ಣ ಒರೆಸ್ಕಂತ ಇದೇ ದಾರೀಲಿ ಬರ್ತೀರಿ ಅಂತ ನಂಗೇನ್ ಕನಸು ಬಿದ್ದಿತ್ತಾ? …ಯಾಕೆ, ನಂಗೆ ಹೆಂಗ್ ಗೊತ್ತು ಅಂತನಾ? ಅಲ್ಲ… ಎಲ್ರೂ ಅಲ್ಲೇ ತಗಂತಾರೆ, ಅದಕ್ಕೆ ಹೇಳ್ದೆ.

ಅಯ್ಯೋ! ಬಿಚ್ಚೇಬಿಟ್ಳು! ಚೈತ್ರಾ! ಸೆಖೆ ಅಂತೆ ಸೆಖೆ…

ಏನ್ ನೋಡ್ತೀರಾ? ಕಿವಿನಾ? ಹೌದು, ಬೋಳು ಕಿವಿ. ಚುಚ್ಚಿಸಿಲ್ಲ. ಅದಕ್ಕೇನೀಗ? ಹುಡುಗಿಗೆ ಹೆದರಿಕೆ. ಸೂಜಿ ಕಂಡ್ರೆ ಊರಿಗೆಲ್ಲ ಕೇಳಂಗೆ ಕಿರುಚ್ತಾಳೆ. …ಏನೇ? 'ನಂಗೇನ್ ಹೆದರಿಕೆ ಇಲ್ಲ, ಅವ್ವನೇ ಬೇಡ ಅನ್ನೋದು' ಅಂತೀಯಾ? ದೊಡ್ಡೋರ ಮಧ್ಯ ಬಾಯಿ ಹಾಕ್ತೀಯಾ! ಬಾ ಮನೆಗೆ, ಐತೆ ನಿಂಗೆ!

ಅವಳ ಮಾತು ಏನ್ ಕೇಳ್ತೀರಿ. ನಮ್ಮನೇಲಿ ಈ ಶಾಸ್ತ್ರ ಗೀಸ್ತ್ರ ಇಲ್ಲ ರೀ. ಚುಚ್ಚೋದಾದ್ರೆ ಪೇಟೇಲಿ ಮಿಷಿನ್ ಐತೆ, ಟಕ್ ಅಂತ ಆಗೋಗ್ತೈತೆ ಅಂದ್ರು ಕೆಂಚೇಶ್. ಅವರ ಗೆಳೆಯ ಪಾಪಣ್ಣ, 'ಸೋದರಮಾವನ ಜಾಗದಾಗೆ ನಾನೇ ಕೂರ್ತೀನಿ, ನನ್ನ ತೊಡೆ ಮೇಲೇ ಚುಚ್ಚಿಸ್ರಿ' ಅಂದ. ನಾನೇ… ನಾನೇ ಬೇಡ ಅಂದೆ. ಮಳೆಗಾಲ, ಕೀವಾಗ್ತೈತೆ ಅಂದೆ. ಆಮೇಲೆ ಸ್ಕೂಲು ಅಂದೆ. ಆಮೇಲೆ… ಏನೋ ಒಂದು ಅಂದೆ.

ಮಾತಾಡ್ರಿ! ಒಂದು ಮಾತು ಬೈದ್ರೆ ಜಗಳಾನಾದ್ರೂ ಆಡಬಹುದು. ಹಿಂಗೆ ಬಾಯಿ ಹೊಲ್ಕಂಡು ಮಗಳ ಕಿವಿನೇ ನೋಡ್ಕಂತ ನಿಂತ್ರೆ ನಾನೇನ್ ಮಾಡ್ಲಿ? ಕಣ್ಣು ತಗೀರಿ ಅತ್ಲಾಗೆ!

…ಹ್ಞೂಂ ಕಣಣ್ಣ! ಗೊತ್ತಾಯ್ತಲ್ಲ, ಸಾಕಾ? ಸ್ವಂತ ಮಾವ ಬದುಕಿರೋವಾಗ ನನ್ನ ಮಗಳು ಕಂಡೋರ ತೊಡೆ ಮೇಲೆ ಯಾಕೆ ಕೂರ್ಬೇಕು? ರೇಟೂ ಇಲ್ಲ, ಮಣ್ಣೂ ಇಲ್ಲ, ಬದನೆಕಾಯಿ ದುಡ್ಡೆಲ್ಲ ಬಸ್ಸಿಗೇ ಸರಿಹೋಗ್ತೈತೆ. ಪ್ರತಿ ಸಂತೆಗೂ ಬರ್ತೀನಿ. ಅವ್ವ ಕೂರ್ತಿದ್ದ ಜಾಗದಾಗೇ ಕೂರ್ತೀನಿ. ರಂಗಣ್ಣನ ಅಂಗಡಿ ಕಡೆ ನೋಡ್ತೀನಿ. ನೀನು ಬರ್ತೀಯಾ, ಎಲೆ ತಗಂತೀಯಾ, ಹೋಗ್ತೀಯಾ. ಇವತ್ತು ಅದೇನು ಬುದ್ಧಿ ಬಂತೋ, ಬಗ್ಗಿ ಕಾಯಿ ಮುಟ್ಟಿದೆ…

ಆದ್ರೆ ಕೇಳ್ಕ! ಕಾಲು ಹಿಡೀತೀನಿ ಅಂದ್ಕಂಡಿದ್ರೆ ಅದು ಮಾತ್ರ ಆಗಲ್ಲ! ಕೆಂಚೇಶನ್ನ ಕಟ್ಕಂಡಿದ್ದು ತಪ್ಪಾಯ್ತು ಅನ್ನೋ ಮಾತು ಈ ಬಾಯಲ್ಲಿ ಬರಲ್ಲ. ತೊಡೆ ಕೊಡೋದಾದ್ರೆ ಮೊದ್ಲು ನಮ್ಮನೆ ನೀರು ಕುಡಿ. ಕದ್ದುಮುಚ್ಚಿ ಅಲ್ಲ, ನಾಕು ಜನ ನೋಡಂಗೆ ಕುಡಿ. ಆಗಲ್ವಾ? ಹೋಗು. ನಿನ್ನ ಬೋಣಿನೂ ಬೇಡ, ಹೋಗು! ನನ್ನ ಮಗಳು ಬೋಳು ಕಿವೀಲೇ ಇರ್ತಾಳೆ, ಅದೇ ಚಂದ!

ಹೋಗು ಅಂದ್ನಲ್ಲ. ಯಾಕೆ ಚಪ್ಪಲಿ ಬಿಡ್ತೀಯಾ? ಅಲ್ಲಿ ಕೂರಬೇಡ, ಒದ್ದೆ ಐತೆ, ಪಂಚೆಯೆಲ್ಲ ಕೆಸರಾಗ್ತೈತೆ… ಅಣ್ಣಾ, ಅದು… ಆ ಬಾಟ್ಲಿ ನಮ್ಮನೇದು. ಹೊಳೆ ನೀರಲ್ಲ ಅದು, ಕೆಂಚೇಶ್ ತುಂಬಿ ಕೊಟ್ಟಿದ್ದು. ಅಣ್ಣಾ? ರಂಗಣ್ಣ ನೋಡ್ತಿದಾನೆ ಅಲ್ಲಿಂದ…

…

ಮೆಲ್ಲಗೆ ಕುಡಿಯಣ್ಣ. ನೆತ್ತಿಗೆ ಹತ್ತೀತು.

ಏನೇ ಚೈತ್ರಾ, ಬಾಯಿ ಬಿಟ್ಕಂಡು ನೋಡ್ತಾ ನಿಂತಿದೀಯ? ಚೀಲ ಹಾಸೇ ನಿಮ್ಮ ಮಾವಂಗೆ.