ಗಂಡಿನ ಕಡೆಯವರಿಗೆ ತೆರೆದ ಗೇಟು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಇಂದು ಸನ್ಮಾನಕ್ಕೆ ಬಂದಿರುವ ಎಸ್ಟೇಟ್ ಮಾಲೀಕರಾದ ದೇವೀರಪ್ಪನವರೇ, ಬಾಳ್ಳುಪೇಟೆಯಿಂದ ಬಂದ ಅತಿಥಿಗಳೇ, ಮಾಸ್ಕನ್ನು ಗದ್ದಕ್ಕೆ ಇಳಿಸಿ ಕೂತಿರುವ ನನ್ನ ಪ್ರೀತಿಯ ಸಭಿಕರೇ,

ನಾನು ಈ ಊರಿನ ಪ್ರೌಢಶಾಲೆಯ ಮೇಷ್ಟ್ರು, ಬೋರಯ್ಯ. ಕೊರೊನಾ ಕಾಲದಲ್ಲಿ ಜನರಿಗೆ ನೆರವಾದ ದೇವೀರಪ್ಪನವರ ಬಗ್ಗೆ ಅಭಿನಂದನೆಯ ನಾಲ್ಕು ಮಾತಾಡಬೇಕೆಂದು ಸಮಿತಿಯವರು ಹೇಳಿದ್ದಾರೆ. ಆಡುತ್ತೇನೆ. ನಿಜವನ್ನೇ ಆಡುತ್ತೇನೆ. ಆಕ್ಸಿಜನ್ ಸಿಗದೆ ಜನ ಒದ್ದಾಡುವಾಗ ಇವರು ಸಕಲೇಶಪುರದಿಂದ ಸಿಲಿಂಡರುಗಳನ್ನು ತಮ್ಮ ಜೀಪಿನಲ್ಲೇ ತಂದರು. ಯಾರ ಜಾತಿಯನ್ನೂ ಕೇಳದೆ ಕೊಟ್ಟರು. ಇವರ ತಾಯಿ ಸುಲೋಚನಮ್ಮನವರು ಅದೇ ರೋಗದಲ್ಲಿ ತೀರಿಕೊಂಡಾಗ ಆಸ್ಪತ್ರೆಯವರು ಮಗನಿಗೆ ಮುಖವನ್ನೂ ತೋರಿಸಲಿಲ್ಲ. ಆಮೇಲೆಯೇ ಇವರು ಒಳಗಿನವರು ಹೊರಗೆ ಹೋಗಬಾರದೆಂದು ಎಸ್ಟೇಟಿನ ಗೇಟು ಮುಚ್ಚಿಸಿದ್ದು. ಹೆತ್ತವಳನ್ನು ಕಳೆದುಕೊಂಡವರ ಭಯವನ್ನು ನಾನು ಹಂಗಿಸುವುದಿಲ್ಲ.

ಆದರೆ ಆ ಭಯದ ಭಾರವನ್ನು ಹೊತ್ತವರು ಯಾರು? ಅದನ್ನು ಕೇಳದೆ ಶಾಲು ಹೊದಿಸುವುದು ಹೇಗೆ?

ಶಾಲೆ ತೆರೆದು ಎರಡು ವಾರವಾಯಿತು. ಎಸ್ಟೇಟಿನ ಆಳುಗಳ ಸಾಲುಮನೆ, ಆ ಕೂಲಿ ಲೈನಿನ ಒಂದು ಮಗುವೂ ಬಂದಿಲ್ಲ. ಎಸ್ಟೇಟಿನಲ್ಲಿ ಬೆಳಿಗ್ಗೆ ಆಳುಗಳ ಹೆಸರು ಕೂಗುವ ಮಸ್ಟರ್ ಇದೆಯಲ್ಲ, ಮಗು ಗೇಟು ದಾಟಿ ಶಾಲೆಗೆ ಹೋದರೆ ತಾಯಿಯ ಹೆಸರನ್ನು ಅಲ್ಲಿ ಕೂಗುವುದಿಲ್ಲ. ಹೆಸರು ಕೂಗದಿದ್ದರೆ ಕೆಲಸವಿಲ್ಲ. ಗೊಬ್ಬರದ ಲಾರಿ ಮಾತ್ರ ಒಳಗೆ ಹೋಗುತ್ತದೆ. ಜೀಪು ದಿನಾ ಪೇಟೆಗೆ ಹೋಗಿ ಬರುತ್ತದೆ. ಕೊರೊನಾಕ್ಕೆ ಡೀಸೆಲ್ ವಾಸನೆ ಆಗುವುದಿಲ್ಲವೇನೋ, ನಡೆದುಹೋಗುವ ಮಕ್ಕಳೇ ಬೇಕು. ನಗುತ್ತಿದ್ದೀರಿ, ನಗಿ. ಇನ್ನು ಮುಂದೆ ನಗುವ ಮಾತಿಲ್ಲ.

ಆ ಲೈನಿನಲ್ಲಿ ಚೈತ್ರಶ್ರೀ ಎಂಬ ಹುಡುಗಿ ಇದ್ದಾಳೆ. ಒಂಬತ್ತನೇ ತರಗತಿ, ಹದಿನಾಲ್ಕು ವರ್ಷ. ಅವಳನ್ನು ಕರೆಯಲು ಗೇಟಿಗೆ ಹೋದೆ. ಕಾವಲುಗಾರ ಚಲುವಯ್ಯ ಕೈಮುಗಿದ. "ಮೇಷ್ಟ್ರೇ, ನನ್ ಹೊಟ್ಟೆ ಮ್ಯಾಲೆ ಹೊಡಿಬ್ಯಾಡಿ. ಸಾವ್ಕಾರ್ರು ಒಂದ್ ಮಾತು ಅಂದ್ರೆ ಈಗ್ಲೇ ತೆಗಿತೀನಿ" ಅಂದ. ಕಂಬಿಯ ಆಚೆ ಹುಡುಗಿಯ ತಾಯಿ ಮುನಿಯಮ್ಮ ಬಂದು ನಿಂತಳು. "ಇನ್ನೇನ್ ಶಾಲೆ ಬುಡಣ್ಣ. ನಾನ್ ತೋಟಕ್ಕೆ ಹೋದ್ರೆ ಹುಡ್ಗಿ ಲೈನ್‌ನಾಗೆ ಒಬ್ಳೇ. ಕೆಲ್ಸ ಇಲ್ದೋರು ಬಾಗ್ಲಾಗೇ ಸುಳಿತಾ ಇರ್ತಾರೆ. ಶಾಲೆ ಇದ್ದಾಗ ಅದೊಂದ್ ಧೈರ್ಯ ಇತ್ತು. ಅದ್ಕೇ ಮದ್ವೆ ಗೊತ್ತು ಮಾಡ್ಬುಟ್ಟೆ" ಅಂದಳು.

ಆಲೂರು ಕಡೆಯ ಗಂಡು. ಮೂವತ್ತು ದಾಟಿದೆ. ಹುಡುಗಿ ನೋಡಲು ಎರಡು ಆಟೋದಲ್ಲಿ ಬಂದರು. ಅವತ್ತು ಗೇಟು ತೆರೆಯಿತು ಸ್ವಾಮಿ. ಬಂದವರ ಕೈಗೆಲ್ಲ ಸ್ಯಾನಿಟೈಸರ್ ಹಾಕಿ ಒಳಗೆ ಬಿಟ್ಟರು. ಹುಡುಗಿ ಪುಸ್ತಕ ಹಿಡಿದು ಹೊರಗೆ ಹೋಗುವಂತಿಲ್ಲ, ಗಂಡು ಒಳಗೆ ಬರಬಹುದು. ಇದು ಯಾವ ರೋಗಕ್ಕೆ ಕಟ್ಟುನಿಟ್ಟು? ದೇವೀರಪ್ಪನವರು ಮದುವೆಗೆಂದು ಕಾಫಿ ಒಣಗಿಸುವ ಕಣವನ್ನೂ ಬಿಟ್ಟುಕೊಟ್ಟಿದ್ದಾರೆ. ಉಪಕಾರವೆಂದೇ ಮಾಡಿದ್ದಾರೆ. ಹುಡುಗಿಯ ವಯಸ್ಸೆಷ್ಟು ಎಂದು ಕೇಳಲಿಲ್ಲ. ಲೈನಿನ ಹುಡುಗಿಗೂ ಒಂದು ವಯಸ್ಸಿರುತ್ತದೆ ಎಂದು ಹೊಳೆಯಲೇ ಇಲ್ಲ.

ಮೇಷ್ಟ್ರಿಗೆ ಇಷ್ಟು ಕಾವೇಕೆ ಎಂದು ಹಿಂದಿನ ಸಾಲಿನಲ್ಲಿ ಗುಸುಗುಸು ನಡೆದಿದೆ. ಹೇಳಬಾರದೆಂದುಕೊಂಡಿದ್ದೆ, ಹೇಳಿಬಿಡುತ್ತೇನೆ. ಮುನಿಯಮ್ಮ ನನ್ನ ಒಡಹುಟ್ಟಿದ ತಂಗಿ. ನಾನೂ ಆ ಲೈನಿನಲ್ಲೇ ಹುಟ್ಟಿದವನು. ನಾವು ಚಿಕ್ಕವರಿದ್ದಾಗ ಲೈನಿನಲ್ಲಿ ಸೀತಾಳೆ ಸಿಡುಬಿನ ಅಮ್ಮ ಎದ್ದಿತು, ಎಲ್ಲರ ಮೈಮೇಲೂ ಗುಳ್ಳೆ. ಶಾಲೆಯ ಕಡೆ ಬರಬೇಡಿ ಎಂದರು. ಗುಳ್ಳೆ ಒಣಗಿದ ಮೇಲೆ ಅಪ್ಪ ನನ್ನೊಬ್ಬನನ್ನು ಕಳಿಸಿದ. "ಅವ್ಳು ನಾಡಿದ್ದು ಬತ್ತಾಳೆ, ಮೆಣಸು ಬಿಡ್ಸೋದು ಐತೆ" ಅಂದ. ನನಗಿಂತ ಬೇಗ ಮಗ್ಗಿ ಹೇಳುತ್ತಿದ್ದವಳು ಇವತ್ತಿಗೂ ಹೆಬ್ಬೆಟ್ಟು ಒತ್ತುತ್ತಾಳೆ.

ತಂಗಿಯ ಮಗಳಿಗಾಗಿ ಮಾತಾಡುತ್ತಿದ್ದಾನೆ ಎನ್ನಿ, ಒಪ್ಪುತ್ತೇನೆ. ಆ ಲೈನಿನ ಉಳಿದ ಮಕ್ಕಳಿಗೆ ಮೇಷ್ಟ್ರಾದ ಸೋದರಮಾವನೂ ಇಲ್ಲ.

ಮಕ್ಕಳ ಸಹಾಯವಾಣಿಗೆ ಬೆಳಿಗ್ಗೆಯೇ ಫೋನು ಮಾಡಿದ್ದೇನೆ. ಕದ್ದು ಮಾಡಲಿಲ್ಲ, ತಂಗಿಗೆ ಹೇಳಿಯೇ ಮಾಡಿದೆ. "ಇನ್ನು ನನ್ ಬಾಗ್ಲು ತುಳಿಬ್ಯಾಡ" ಅಂದಳು. ಈ ಮದುವೆ ನಿಲ್ಲಬಹುದು. ಆದರೆ ಗೇಟು ಹೀಗೇ ಇದ್ದರೆ ಮುಂದಿನ ತಿಂಗಳು ಇನ್ನೊಂದು ಆಟೋ ಬರುತ್ತದೆ.

ದೇವೀರಪ್ಪನವರೇ, ಮಕ್ಕಳಿಗೆ ಮಾಸ್ಕ್ ಹಾಕಿಸುತ್ತೇನೆ, ದೂರ ದೂರ ಕೂರಿಸುತ್ತೇನೆ, ಜ್ವರ ನೋಡುತ್ತೇನೆ. ಅದು ನನ್ನ ಹೊಣೆ. ಮಗು ಶಾಲೆಗೆ ಹೋದರೂ ತಾಯಿಗೆ ಕೆಲಸ ತಪ್ಪುವುದಿಲ್ಲ ಎಂದು ನೀವು ಒಂದು ಮಾತು ಹೇಳಿ. ಮೈಕು ಇಲ್ಲಿದೆ.

ಎದ್ದಿರಾ? ಹೊರಟೇಬಿಟ್ಟಿರಾ?

ಅವರಿಗೆ ದಾರಿ ಬಿಡಿ. ಯಾರೂ ಕೂಗಬೇಡಿ.

ಹಾಗಾದರೆ ಸಭಿಕರೇ, ನಾಳೆ ನಮ್ಮ ಶಾಲೆ ಆ ಗೇಟಿನ ಮುಂದೆ ನಡೆಯುತ್ತದೆ. ಹೊರಗೆ ನಮ್ಮ ಮಕ್ಕಳು, ಒಳಗೆ ಲೈನಿನ ಮಕ್ಕಳು, ನಡುವೆ ಕಂಬಿ. ಹಲಗೆಯನ್ನು ಒಳಗಿನವರಿಗೂ ಕಾಣುವಂತೆ ನಿಲ್ಲಿಸುತ್ತೇನೆ. ಒಳಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಆಳುಗಳ ಹೆಸರು ಕೂಗುವ ಹೊತ್ತಿಗೆ ಹೊರಗೆ ನಾನು ಮಕ್ಕಳ ಹೆಸರು ಕೂಗುತ್ತೇನೆ. ಮುನಿಯಮ್ಮನಿಗೆ ಎರಡೂ ಕೇಳಿಸುತ್ತವೆ. ಅವಳು ಮಗಳನ್ನು ಕಂಬಿಯ ಹತ್ತಿರ ಬಿಡುತ್ತಾಳೋ, ಕೈಹಿಡಿದು ಒಳಗೆ ಎಳೆದುಕೊಳ್ಳುತ್ತಾಳೋ ನನಗೆ ಗೊತ್ತಿಲ್ಲ. ಚೈತ್ರಶ್ರೀ ಓಗೊಡುವವರೆಗೆ ಮುಂದಿನ ಹೆಸರಿಗೆ ಹೋಗುವುದಿಲ್ಲ.

ಇಷ್ಟು ಹೊತ್ತು ಕೂತು ಕೇಳಿದ್ದೀರಿ, ನಿಮ್ಮ ಋಣ ನನ್ನ ಮೇಲಿದೆ. ನಾಳೆ ಗೇಟಿನ ಹತ್ತಿರ ಬಂದು ನಿಂತು ಕೇಳಿ. ನಮಸ್ಕಾರ.