ಕೂಗುವ ಫ್ಯಾನು

ಕಂಪ್ಯೂಟರಿನ ಫ್ಯಾನು ಗೊರಕೆ ಹೊಡೆಯುತ್ತದೆ, ಅದರ ಸದ್ದಡಗಿಸಬೇಕು ಎಂದು ಡಬ್ಬವನ್ನೇ ಹೊತ್ತು ತಂದಿದ್ದ ಗಣಿತದ ಮೇಷ್ಟ್ರಿಗೆ ಅಂಗಡಿಯಲ್ಲಿ ಅರ್ಧ ಗಂಟೆಯಾದರೂ ಸರದಿ ಬಂದಿರಲಿಲ್ಲ. ಮುಂದೆ ನಿಂತಿದ್ದ ಅಕ್ಕ ತಮ್ಮಂದಿರ ಪ್ರೊಸೆಸರ್ ಪಂಚಾಯಿತಿ ಮುಗಿಯುವ ಹಾಗೇ ಕಾಣಲಿಲ್ಲ.

“ಅಕ್ಕಾ, ನಮ್ಮ ದುಡ್ಡಿಗೆ ಬರೋದು ಇವೆರಡೇ. ಸಿನಿಮಾಕ್ಕೂ ಆಟಕ್ಕೂ ಇದು ಸಾಕು, ತಣ್ಣಗಿರುತ್ತೆ.”

“ಅದು?”

“ಅದು ಬೇಗ ಕಾಯುತ್ತೆ. ಸಿನಿಮಾ ನೋಡುವಾಗ ಪರವಾಗಿಲ್ಲ. ಭಾವ ಆಟಕ್ಕೆ ಕೂತರೆ ಫ್ಯಾನು ಮನೆಯೆಲ್ಲ ಕೇಳೋ ಹಾಗೆ ಕೂಗುತ್ತೆ.”

“ಆಟ ನಿಲ್ಲಿಸಿದರೆ?”

“ಎರಡು ನಿಮಿಷಕ್ಕೆ ಸುಮ್ಮನಾಗುತ್ತೆ.”

“ಅಡುಗೆಮನೆಗೆ ಕೇಳಿಸುತ್ತಾ?”

“ಬಾಗಿಲು ಹಾಕಿದ್ದರೂ ಕೇಳಿಸುತ್ತೆ. ಅದಕ್ಕೇ ಬೇಡ ಅಂದಿದ್ದು.”

“ಹಾಗಾದರೆ ಅದನ್ನೇ ತಗೋ.”

ಈಕೆಗೆ ತಲೆ ನೆಟ್ಟಗಿಲ್ಲ ಎಂದು ಮೇಷ್ಟ್ರು ಮನಸ್ಸಿನಲ್ಲೇ ಗೊಣಗಿದರು.

“ಭಾವನಿಗೆ ತಲೆನೋವು ಬರುತ್ತೆ ಅಕ್ಕಾ.”

“ಬರಲಿ. ಕೆಲಸ ಹೋದಾಗಿನಿಂದ ಬಾಗಿಲು ಹಾಕ್ಕೊಂಡೇ ಇರ್ತಾರೆ. ತಟ್ಟಿದರೆ, ‘ಇನ್ನೂ ಬದುಕಿದೀನಿ, ಹೋಗು’ ಅಂತಾರೆ. ದಿನಕ್ಕೆ ಎಷ್ಟು ಸಲ ತಟ್ಟಲಿ ಹೇಳು?”

ತಮ್ಮನು ಕೈಯಲ್ಲಿದ್ದ ತಣ್ಣನೆಯ ಪ್ರೊಸೆಸರನ್ನು ಕೆಳಗಿಟ್ಟ.

“ಅವತ್ತೂ ಸದ್ದಿಲ್ಲ ಅಂದರೆ ಮಲಗಿದಾರೆ ಅಂದುಕೊಂಡು ಪಾತ್ರೆ ತೊಳೀತಿದ್ದೆ ಕಣೋ. ನೀನು ಬಂದು ಬಾಗಿಲು ಒಡೆಯೋ ತನಕ.”

ಬೇಗ ಕಾಯುವುದನ್ನೇ ಕಟ್ಟಿಸಿಕೊಂಡು ಇಬ್ಬರೂ ಮೆಟ್ಟಿಲಿಳಿದು ಹೋದರು.

“ಏನು ತೊಂದರೆ ಸಾರ್?” ಎಂದು ಅಂಗಡಿಯವನು ಡಬ್ಬಕ್ಕೆ ಕೈಚಾಚಿದ.

ಸದ್ದು ಎನ್ನಲು ಮೇಷ್ಟ್ರಿಗೆ ನಾಲಿಗೆ ಏಳಲಿಲ್ಲ.